ಈ ಕಳ್ಳನನ್ನು ಬೈಯೋಕೆ ಮನಸ್ಸೇ ಬರಲ್ಲ

ಸ್ಕಾಟ್ ಲಿಂಚ್ ಬರೆದ 'ದಿ ಲೈಸ್ ಆಫ್ ಲಾಕ್ ಲಮೋರಾ' ಓದಿ ಮುಗಿಸಿದೆ. 2006ರಲ್ಲೇ ಬಂದ ಕಾದಂಬರಿ, ನಾನು ಹಿಡಿದದ್ದು ತಡ ಅಷ್ಟೇ. ಫ್ಯಾಂಟಸಿ ಅಂದ ಕೂಡಲೇ ಡ್ರ್ಯಾಗನ್, ಸಿಂಹಾಸನ, ಲೋಕ ಉಳಿಸೋಕೆ ಹುಟ್ಟಿದ ಹುಡುಗ ಅಂತ ಮೂಗು ಮುರಿಯುವವರಿಗೆ ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ಯಾರೂ ಲೋಕ ಉಳಿಸುವುದಿಲ್ಲ. ಒಂದು ಊರಿದೆ, ಊರು ತುಂಬ ಕಳ್ಳರಿದ್ದಾರೆ. ಸಾಕಲ್ವಾ?

ಊರಿನ ಹೆಸರು ಕಮೋರ್. ವೆನಿಸ್ ಥರ ದ್ವೀಪ, ಕಾಲುವೆ, ಸೇತುವೆ. ಮನುಷ್ಯರು ಬರುವುದಕ್ಕೂ ಮೊದಲು ಇನ್ಯಾರೋ ಕಟ್ಟಿ ಬಿಟ್ಟುಹೋದ ಗಾಜಿನ ಗೋಪುರಗಳು ಸಂಜೆಯಾದರೆ ತಾವಾಗಿಯೇ ಬೆಳಗುತ್ತವೆ. ಒಂದು ಗೋಪುರದ ತುದಿಯಲ್ಲಿ ಗಾಜಿನ ಗುಲಾಬಿ ತೋಟ, ಆ ಗುಲಾಬಿಗಳು ರಕ್ತ ಕುಡಿಯುತ್ತವೆ. ಅಂಥ ಜಾಗದಲ್ಲಿ ಒಬ್ಬ ಗುರು ಹುಡುಗರಿಗೆ ಕತ್ತಿವರಸೆ ಹೇಳಿಕೊಡುತ್ತಾನೆ! ಆದರೆ ಊರಿನ ಜನಕ್ಕೆ ಇದೆಲ್ಲ ದೊಡ್ಡ ವಿಷಯವೇ ಅಲ್ಲ, ಅವರಿಗೆ ಅವತ್ತಿನ ಊಟದ ಚಿಂತೆ. ಲೇಖಕನ ಈ ಗುಣ ನನಗೆ ತುಂಬ ಹಿಡಿಸಿತು. ಅದ್ಭುತವನ್ನು ತೋರಿಸುತ್ತಾನೆ, ಪಾಠ ಮಾಡುತ್ತಾ ಕೂರುವುದಿಲ್ಲ.

ಲಾಕ್ ಒಬ್ಬ ಅನಾಥ. ಅವನನ್ನು ಸಾಕುವವನು ಫಾದರ್ ಚೇನ್ಸ್, ಕಣ್ಣಿಲ್ಲದ ಪೂಜಾರಿಯ ವೇಷ ಹಾಕಿಕೊಂಡು ಗುಡಿಯ ಮೆಟ್ಟಿಲ ಮೇಲೆ ಭಿಕ್ಷೆ ಬೇಡುವ ಆಸಾಮಿ. ಕಣ್ಣು ಚೆನ್ನಾಗಿಯೇ ಕಾಣುತ್ತದೆ ಅಂತ ಬೇರೆ ಹೇಳಬೇಕಿಲ್ಲ. ಗುಡಿಯ ಕೆಳಗೆ ಹುಡುಗರಿಗೆ ಭಾಷೆ, ಲೆಕ್ಕ, ದೊಡ್ಡವರ ಮನೆಯ ರೀತಿನೀತಿ, ಅಡುಗೆ ಎಲ್ಲ ಕಲಿಸುತ್ತಾನೆ. ಇದನ್ನು ಓದುವಾಗ ನಮ್ಮ ವಡ್ಡಾರಾಧನೆಯ ವಿದ್ಯುಚ್ಚೋರ ನೆನಪಾಗದೇ ಇರಲಿಲ್ಲ. ಅವನದೂ ಹಗಲು ಕುಷ್ಠರೋಗಿಯ ವೇಷ, ರಾತ್ರಿ ಕಳ್ಳತನ. ಚೋರವಿದ್ಯೆಯನ್ನು ಶಾಸ್ತ್ರದ ಥರ ಕಲಿತವನು. ಸಾವಿರ ವರ್ಷದ ಹಿಂದೆಯೇ ನಮ್ಮವರಿಗೆ ಜಾಣ ಕಳ್ಳನ ಕಥೆ ಹೇಳುವ ಖುಷಿ ಗೊತ್ತಿತ್ತು ಅನ್ನಿ. ಅವನೇನೋ ಕೊನೆಗೆ ದೀಕ್ಷೆ ತಗೊಂಡ, ಲಾಕ್‌ನಿಂದ ಅದನ್ನೆಲ್ಲ ನಿರೀಕ್ಷೆ ಮಾಡಬೇಡಿ.

ಈಗ ಅವನ ಮೋಸಕ್ಕೆ ಬರೋಣ. ಡಾನ್ ಸಾಲ್ವಾರಾ ಅನ್ನುವ ಶ್ರೀಮಂತನ ಹತ್ತಿರ ಪರದೇಶದ ಬ್ರಾಂದಿ ವ್ಯಾಪಾರಿಯ ಹಾಗೆ ಬಂದು, ಅಪರೂಪದ ಬ್ರಾಂದಿಯಲ್ಲಿ ದುಡ್ಡು ಹಾಕಿ ಅಂತ ನಂಬಿಸುತ್ತಾನೆ. ಇಷ್ಟನ್ನು ಯಾವ ಕಳ್ಳನಾದರೂ ಮಾಡಿಯಾನು. ಆಮೇಲೆ ಇವನೇ ರಾಜ್ಯದ ಗುಪ್ತ ಪೊಲೀಸನ ವೇಷದಲ್ಲಿ ರಾತ್ರಿ ಅದೇ ಮನೆಗೆ ಹೋಗಿ, ಆ ವ್ಯಾಪಾರಿ ದೊಡ್ಡ ಮೋಸಗಾರ, ನಾವು ಅವನನ್ನು ಹಿಡಿಯಬೇಕು, ಅನುಮಾನ ಬರದ ಹಾಗೆ ನೀವು ದುಡ್ಡು ಕೊಡುತ್ತಾ ಇರಿ ಅನ್ನುತ್ತಾನೆ. ನಿಜ ಹೇಳಿಯೇ ಮೋಸ ಮಾಡುವುದು! ಇಲ್ಲಿ ಪುಸ್ತಕ ಮುಚ್ಚಿಟ್ಟು ಒಬ್ಬನೇ ನಕ್ಕೆ.

ಬಡವರಿಗೆ ಹಂಚುವ ಕಳ್ಳ ಅಂದುಕೊಂಡಿರಾ? ಇಲ್ಲ. ಊರಲ್ಲಿ ಬಡವರಿಗಾಗಿ ಕದಿಯುವ ಕಳ್ಳನೊಬ್ಬನ ದಂತಕಥೆ ಇದೆ, ಜನ ಅದನ್ನು ನಂಬುತ್ತಾರೆ, ಆದರೆ ಲಾಕ್ ಮತ್ತು ಚೇನ್ಸ್ ಹತ್ತಿರ ಅವನ ಜೊತೆ ಬೆಳೆದ ಗೆಳೆಯರು ಒಂದು ಕಾಸೂ ಹಂಚುವುದಿಲ್ಲ. ಕದ್ದದ್ದೆಲ್ಲ ಗುಡಿಯ ಕೆಳಗೆ ರಾಶಿ ಬಿದ್ದಿರುತ್ತದೆ. ಅದನ್ನು ಏನು ಮಾಡಬೇಕು ಅಂತ ಅವರಿಗೇ ಗೊತ್ತಿಲ್ಲ. ಊರಿನ ಕಳ್ಳರ ದೊರೆ ಬಾರ್ಸಾವಿ ಶ್ರೀಮಂತರ ತಂಟೆಗೆ ಹೋಗಬೇಡಿ ಅಂತ ಆಳುವವರ ಜೊತೆ ಒಪ್ಪಂದ ಮಾಡಿಕೊಂಡಿದ್ದಾನೆ, ಇವರು ಅದನ್ನೂ ಮುರಿಯುತ್ತಾರೆ. ಅಂದರೆ ಕಳ್ಳರಿಗೂ ಮೋಸ. ಆದರೂ ಯಾಕೆ ಇಷ್ಟವಾಗುತ್ತಾರೆ? ನನ್ನ ಪ್ರಕಾರ ಒಬ್ಬರ ಮೇಲೊಬ್ಬರಿಗಿರುವ ಪ್ರೀತಿಯಿಂದ. ಒಟ್ಟಿಗೆ ಅಡುಗೆ ಮಾಡುತ್ತಾರೆ, ಊಟಕ್ಕೆ ಮೊದಲು ಜೊತೆಯಲ್ಲಿಲ್ಲದ ಗೆಳೆಯರ ಹೆಸರಲ್ಲಿ ಲೋಟ ಎತ್ತುತ್ತಾರೆ, ಬಾಯಿಗೆ ಬಂದ ಹಾಗೆ ಬೈದುಕೊಳ್ಳುತ್ತಾರೆ. ದಪ್ಪ ದೇಹದ, ಕನ್ನಡಕದ, ಪುಸ್ತಕದ ಹುಚ್ಚಿನ ಜೀನ್ ಟ್ಯಾನೆನ್ ಎರಡು ಕೊಡಲಿ ಹಿಡಿದು ಲಾಕ್‌ನ ಪಕ್ಕ ನಿಂತರೆ ಸಾಕು, ನನಗೆ ಧೈರ್ಯ ಬರುತ್ತದೆ.

ಇದು ಬರೀ ತಮಾಷೆಯ ಕಾದಂಬರಿಯಾಗಿದ್ದರೆ ಇಷ್ಟುದ್ದ ಬರೆಯುತ್ತಿರಲಿಲ್ಲ. ಲಾಕ್ ಚಿಕ್ಕವನಿದ್ದಾಗ ಹೂಡಿದ ಒಂದು ಸುಳ್ಳಿನಿಂದ ಇಬ್ಬರು ಹುಡುಗರ ಜೀವ ಹೋಗುತ್ತದೆ. ಚೇನ್ಸ್ ಅದನ್ನು ಮರೆಯಲು ಬಿಡುವುದಿಲ್ಲ, ಅವರ ಸಾವಿನ ಸಾಲ ತೀರಿಸು ಅಂತ ಕೊರಳಿಗೆ ಗುರುತು ಕಟ್ಟುತ್ತಾನೆ. ಗ್ರೇ ಕಿಂಗ್ ಅನ್ನುವವನು ಬಂದ ಮೇಲಂತೂ ಪುಸ್ತಕಕ್ಕೆ ಕರುಣೆಯೇ ಇಲ್ಲ. ಯಾರು ಉಳಿದರು, ಯಾರು ಹೋದರು ಅಂತ ಹೇಳಲ್ಲ, ಬೈಸಿಕೊಳ್ಳುವ ಇಷ್ಟ ಇಲ್ಲ.

ಒಂದು ದೃಶ್ಯ ಮಾತ್ರ ನನ್ನನ್ನು ಇನ್ನೂ ಕಾಡುತ್ತಿದೆ. ಎಲ್ಲ ಕಳೆದುಕೊಂಡ ಲಾಕ್‌ಗೆ ತುರ್ತಾಗಿ ಒಂದು ಜೊತೆ ಒಳ್ಳೆ ಬಟ್ಟೆ ಬೇಕು. ಊರಿನ ದೊಡ್ಡ ಸಾಹುಕಾರ ಮೆರಾಜಿಯೋನ ಮೈಮೇಲಿನ ಬಟ್ಟೆಯನ್ನೇ ಬರೀ ಮಾತಿನಿಂದ ಬಿಚ್ಚಿಸಿಕೊಳ್ಳುತ್ತಾನೆ. ಓದುವಾಗ ಚಪ್ಪಾಳೆ ತಟ್ಟಬೇಕು ಅನಿಸುತ್ತದೆ. ಆದರೆ ಆ ಆಟದಲ್ಲಿ ಏನೂ ತಪ್ಪು ಮಾಡದ ಒಬ್ಬ ವೇಟರ್ ಸಿಕ್ಕಿಹಾಕಿಕೊಳ್ಳುತ್ತಾನೆ. ನಾವು ನಗುತ್ತಾ ಮುಂದಿನ ಪುಟಕ್ಕೆ ಹೋಗಿಬಿಟ್ಟಿರುತ್ತೇವೆ. ಲಿಂಚ್ ಬೇಕಂತಲೇ ಹಾಗೆ ಬರೆದರಾ ಅಂತ ಸುಮಾರು ಯೋಚನೆ ಮಾಡಿದೆ. ಬೇಕಂತಲೇ ಇರಬೇಕು.

ತಕರಾರೂ ಇದೆ. ಕಥೆ ಬಿಸಿಯಾದಾಗಲೆಲ್ಲ ಬಾಲ್ಯದ ಅಧ್ಯಾಯ ಬಂದು ಅಡ್ಡ ನಿಲ್ಲುತ್ತದೆ, ಮೊದಲ ನೂರು ಪುಟಕ್ಕೆ ತಾಳ್ಮೆ ಬೇಕು. ಲಾಕ್ ಪ್ರೀತಿಸಿದ ಸಬೇತಾ ಇಡೀ ಪುಸ್ತಕದಲ್ಲಿ ಬರೀ ಹೆಸರಾಗಿ ಉಳಿಯುತ್ತಾಳೆ. ಬಾರ್ಸಾವಿಯ ಮಗಳು ನಾಜ್ಕಾ ಎಂಥ ಚುರುಕು ಪಾತ್ರ! ಅವಳಿಗೆ ಮಾಡಿದ್ದು ಅಪ್ಪನ ಕೋಪ ಕೆರಳಿಸೋಕೆ ಮಾತ್ರ ಅನಿಸಿತು. ನನಗೆ ಸಿಟ್ಟು ಬಂತು, ಈಗಲೂ ಇದೆ.

ಒಟ್ಟು ಏಳು ಪುಸ್ತಕದ ಯೋಜನೆಯಂತೆ. ಎರಡನೆಯದು 2007ರಲ್ಲಿ, ಮೂರನೆಯದು 2013ರಲ್ಲಿ ಬಂತು, ನಾಲ್ಕನೆಯದಕ್ಕೆ ಜನ ಕಾಯುತ್ತಲೇ ಇದ್ದಾರೆ. ಆದರೆ ಮೊದಲನೆಯದರ ಕಥೆ ಅದರಲ್ಲೇ ಮುಗಿಯುತ್ತದೆ, ಹೆದರದೆ ಶುರು ಮಾಡಿ. ಬೈಗುಳ ಮಾತ್ರ ಸಿಕ್ಕಾಪಟ್ಟೆ ಇದೆ, ಮನೆಯ ಮಕ್ಕಳ ಕೈಗೆ ಸಿಗದ ಹಾಗೆ ಇಡಿ.