ದೀಕ್ಷಾಸ್ನಾನದ ಆ ಫಾರ್ವರ್ಡ್ ಬಗ್ಗೆ ಸ್ಪಷ್ಟನೆ

ದೀಕ್ಷಾಸ್ನಾನ ಅಂದರೆ ಕ್ರೈಸ್ತರು ನೀರಿನಿಂದ ಮಾಡುವ ಧಾರ್ಮಿಕ ವಿಧಿ. ಬ್ಯಾಪ್ಟಿಸ್ಟ್ ಸಭೆ ಅನ್ನೋದು ಕ್ರೈಸ್ತರ ಒಂದು ಪಂಗಡ. ‘ಬ್ಯಾಪ್ಟಿಸ್ಟ್ ಸಭೆ ಶುರು ಮಾಡಿದ್ದು ಸ್ನಾನಿಕ ಯೋಹಾನ. ನೀರಲ್ಲಿ ಮುಳುಗದಿದ್ದರೆ ರಕ್ಷಣೆ (ಪಾಪದಿಂದ ಬಿಡುಗಡೆ) ಇಲ್ಲ ಅಂತ ಅವರ ಬೋಧನೆ’ ಎಂಬ ಮೆಸೇಜ್ ಓಡಾಡುತ್ತಿದೆ. ಹೋದ ವಾರ ನಾನೂ ಎರಡು ಗುಂಪಿಗೆ ಕಳಿಸಿದ್ದೆ. ಎರಡು ಮಾತೂ ತಪ್ಪು.

ಯೋಹಾನ ಅಂದರೆ ಯೇಸುವಿಗೆ ದೀಕ್ಷಾಸ್ನಾನ ಕೊಟ್ಟವನು, ಇಂಗ್ಲಿಷಿನಲ್ಲಿ ‘ಜಾನ್ ದ ಬ್ಯಾಪ್ಟಿಸ್ಟ್’. ಅವನಿಗೂ ಈ ಸಭೆಗೂ ಹೆಸರು ಹೋಲುತ್ತದೆ, ಅಷ್ಟೇ. ಮೊದಲ ಬ್ಯಾಪ್ಟಿಸ್ಟ್ ಸಭೆ ಹುಟ್ಟಿದ್ದು 1609ರಲ್ಲಿ, ಆಮ್‌ಸ್ಟರ್‌ಡ್ಯಾಮ್‌ನಲ್ಲಿ. ಇಂಗ್ಲೆಂಡ್ ಬಿಟ್ಟು ಬಂದಿದ್ದವರ ಸಣ್ಣ ಗುಂಪು ಅದು. ಅವರ ಸಭಾಪಾಲಕ (ಪಾಸ್ಟರ್) ಜಾನ್ ಸ್ಮಿತ್ ಮೊದಲು ತನಗೆ ತಾನೇ ದೀಕ್ಷಾಸ್ನಾನ ಕೊಟ್ಟುಕೊಂಡ. ಅದೂ ಮುಳುಗಿ ಅಲ್ಲ, ನೀರು ಸುರಿದುಕೊಂಡು! ಪೂರ್ತಿ ಮುಳುಗಿಸಬೇಕು ಅನ್ನೋದು ಲಂಡನ್ ಸಭೆಗಳ ನಂಬಿಕೆ ಪತ್ರದಲ್ಲಿ ಬಂದಿದ್ದು 1644ರಲ್ಲಿ.

ಇನ್ನು ರಕ್ಷಣೆ. ಬ್ಯಾಪ್ಟಿಸ್ಟರ ಬೋಧನೆ ಮೆಸೇಜಿಗೆ ಪೂರಾ ಉಲ್ಟಾ. ಅವರ ಪ್ರಕಾರ ರಕ್ಷಣೆ ಸಿಗುವುದು ಕೃಪೆಯಿಂದ, ನಂಬಿಕೆಯ ಮೂಲಕ. ಇದಕ್ಕೆ ಬೈಬಲಿನಲ್ಲಿ ಎಫೆಸದವರಿಗೆ ಬರೆದ ಪತ್ರದ 2:8-9 ಆಧಾರ. ನಂಬಿದ ಮೇಲೆಯೇ ದೀಕ್ಷಾಸ್ನಾನ. ಅದು ವಿಧೇಯತೆಯ ಗುರುತು. ಅದಕ್ಕೇ ಹಸುಗೂಸುಗಳಿಗೆ ಕೊಡುವುದಿಲ್ಲ. ಯೇಸುವಿನ ಪಕ್ಕದ ಶಿಲುಬೆಯ ಮೇಲಿದ್ದ ಕಳ್ಳನನ್ನೇ ನೋಡಿ. ‘ಇವತ್ತೇ ನನ್ನ ಜೊತೆ ಪರದೈಸಿನಲ್ಲಿ (ಸ್ವರ್ಗದಲ್ಲಿ) ಇರುತ್ತೀ’ ಅಂತ ಯೇಸು ಅವನಿಗೆ ಹೇಳಿದ (ಲೂಕ 23:43). ಅವನಿಗೆ ನೀರಿಗಿಳಿಯಲು ಸಮಯ ಎಲ್ಲಿತ್ತು, ಅಲ್ವಾ?

ದಯವಿಟ್ಟು ಆ ಮೆಸೇಜ್ ಇನ್ನು ಕಳಿಸಬೇಡಿ. ಆಗಲೇ ಕಳಿಸಿದ್ದರೆ ಅದೇ ಗುಂಪಿಗೆ ಇದನ್ನೂ ಹಾಕಿ. ನಾನು ಎರಡೂ ಕಡೆ ಹಾಕಿದ್ದೇನೆ.