ಹಾಲು ಉಕ್ಕಿಸಿದ ಪುಸ್ತಕ

"ಈಗ ಏನು ಓದ್ತಾ ಇದ್ದೀರಿ?"

ಗಾಂಧಿಬಜಾರಿನ ಪುಸ್ತಕದಂಗಡಿಯಲ್ಲಿ ಪರಿಚಯದವರು ಯಾರಾದರೂ ಎದುರಾದರೆ ಮೊದಲು ಬೀಳುವುದು ಈ ಪ್ರಶ್ನೆ. ಕ್ಷೇಮಸಮಾಚಾರವೆಲ್ಲ ಆಮೇಲೆ. "ಊಟ ಆಯ್ತಾ?" ಅಂದರೆ ಆಗದಿದ್ದರೂ ಆಯ್ತು ಅಂದುಬಿಡಬಹುದು. ಈ ಪ್ರಶ್ನೆಗೆ ಹಾಗೆ ಜಾರಿಕೊಳ್ಳಲು ಬರುವುದಿಲ್ಲ. ಒಂದು ಹೆಸರು ಹೇಳಬೇಕು, ಹೇಳಿದ ಮೇಲೆ "ಹೇಗಿದೆ?" ಅನ್ನುವುದಂತೂ ಗ್ಯಾರಂಟಿ.

ನಿಜ ಹೇಳಬೇಕೆಂದರೆ, ನನ್ನ ಉತ್ತರ ಎದುರಿಗೆ ನಿಂತವರ ಮುಖ ನೋಡಿಕೊಂಡು ಬದಲಾಗುತ್ತದೆ. ಕನ್ನಡ ಎಂ.ಎ. ಮಾಡಿದವರು ಸಿಕ್ಕರೆ 'ಮಲೆಗಳಲ್ಲಿ ಮದುಮಗಳು'. ಇದು ಸುಳ್ಳಲ್ಲ. 1967ರಲ್ಲಿ ಬಂದ ಕಾದಂಬರಿಯನ್ನು ನಾನು 1998ರಲ್ಲಿ ಕೈಗೆತ್ತಿಕೊಂಡೆ, ಇನ್ನೂ ಓದುತ್ತಲೇ ಇದ್ದೇನೆ. ತನ್ನ ನಾಯಿ ಹುಲಿಯನ ಜೊತೆ ಹೊರಟ ನಾಯಿಗುತ್ತಿ ನನ್ನ ಪಾಲಿಗೆ ಇನ್ನೂ ದಾರಿಯಲ್ಲೇ ಇದ್ದಾನೆ. ಇಲ್ಲಿ ಯಾವುದಕ್ಕೂ ತುದಿಯಿಲ್ಲ, ಯಾವುದೂ ಕೊನೆಮುಟ್ಟುವುದಿಲ್ಲ ಅಂತ ಕುವೆಂಪು ಅವರೇ ಕತೆಗೆ ಮುಂಚೆ ಹೇಳಿಬಿಟ್ಟಿದ್ದಾರಲ್ಲ, ಅದನ್ನು ನಾನು ನನಗೆ ಕೊಟ್ಟ ವಿನಾಯಿತಿ ಅಂತಲೇ ತಿಳಿದುಕೊಂಡಿದ್ದೇನೆ. ಆಫೀಸಿನ ಹುಡುಗರು ಕೇಳಿದರೆ ತೆಳ್ಳಗಿರುವ ಯಾವುದಾದರೂ ಪುಸ್ತಕದ ಹೆಸರು ಹೇಳುತ್ತೇನೆ. ಪಾಪ, ಅವರಿಗೆ ರೀಲ್ಸ್ ನೋಡುವುದಿರುತ್ತದೆ. ಅಡುಗೆಮನೆಯ ಕಿಟಕಿಯಲ್ಲಿಟ್ಟುಕೊಂಡು ನಿಜವಾಗಿ ಓದುತ್ತಿರುವ ಪತ್ತೇದಾರಿಯ ಹೆಸರನ್ನು ಮಾತ್ರ ಇದುವರೆಗೆ ಯಾರಿಗೂ ಹೇಳಿಲ್ಲ.

2025ರ ಮೇ ತಿಂಗಳಲ್ಲಿ ಈ ಪ್ರಶ್ನೆ ಬೇರೆ ವೇಷ ಹಾಕಿಕೊಂಡು ಬಂತು. ದೀಪಾ ಭಾಸ್ತಿ ಅನುವಾದಿಸಿದ ಬಾನು ಮುಷ್ತಾಕ್ ಅವರ ಕತೆಗಳಿಗೆ ಲಂಡನ್ನಿನಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂದದ್ದೇ ತಡ, ಕನ್ನಡದಲ್ಲಿ ಆಟೋದವರಿಗೆ ದಾರಿ ಹೇಳಲೂ ಬಾರದ ಸಹೋದ್ಯೋಗಿಗಳೆಲ್ಲ ನನ್ನ ಟೇಬಲ್ಲಿನ ಹತ್ತಿರ ಬಂದು "ನೀವು ಮೂಲದಲ್ಲೇ ಓದಿರ್ತೀರಲ್ವಾ?" ಅಂತ ವಿಚಾರಿಸತೊಡಗಿದರು. ಆ ಪುಸ್ತಕದಲ್ಲಿರುವ 12 ಕತೆಗಳು 1990ರಿಂದ ಈಚೆಗೆ, ಮೂವತ್ತು ಚಿಲ್ಲರೆ ವರ್ಷಗಳಲ್ಲಿ ಬರೆದವು. ಅಷ್ಟೂ ವರ್ಷ ನಾನು ಇಲ್ಲೇ ಇದ್ದೆ, ಕತೆಗಳೂ ಇಲ್ಲೇ ಇದ್ದವು. ಬಾನು ಅವರ ಊರು ಹಾಸನದಿಂದ ಬೆಂಗಳೂರಿಗೆ ಬಸ್ಸು ಹತ್ತಿದರೆ ಅರ್ಧ ದಿನವೂ ಬೇಡ. ನನ್ನ ಮನೆಗೆ ಅವು ಲಂಡನ್ ಮಾರ್ಗವಾಗಿ ಬರಬೇಕಾಯಿತು. ನಾಚಿಕೆಯಾಗಿ ಮರುದಿನವೇ ಅಂಗಡಿಗೆ ಓಡಿದರೆ ಕನ್ನಡದ ಪ್ರತಿಗಳು ಖಾಲಿ. ನನ್ನ ಹಾಗೆ ನಾಚಿಕೊಂಡವರು ಊರಲ್ಲಿ ಇನ್ನೂ ಬೇಕಾದಷ್ಟು ಜನ ಇದ್ದಾರೆ ಅಂತ ಸ್ವಲ್ಪ ಸಮಾಧಾನವಾಯಿತು.

ಪ್ರಶ್ನೆಯಾದರೂ ವಾಸಿ, ಶಿಫಾರಸು ಕಷ್ಟ. "ಓದಲೇಬೇಕು ನೀವು!" ಅನ್ನುತ್ತಾರಲ್ಲ, ಆ 'ಲೇಬೇಕು' ಕಿವಿಗೆ ಬಿದ್ದ ಕೂಡಲೇ ನನಗೆ ಡಾಕ್ಟರು ನೆನಪಾಗುತ್ತಾರೆ. ಹಾಗಲಕಾಯಿ ತಿನ್ನಲೇಬೇಕು, ಬೆಳಿಗ್ಗೆ ನಡೆಯಲೇಬೇಕು, ಈ ಪುಸ್ತಕ ಓದಲೇಬೇಕು. ಮೂರನ್ನೂ ಸೋಮವಾರದಿಂದ ಶುರು ಮಾಡುತ್ತೇನೆ. ಇನ್ನು ಕೆಲವರು ಕತೆ ಪೂರ್ತಿ ಹೇಳಿ, ಕೊಲೆ ಮಾಡಿದವನು ಮೈದುನ ಅನ್ನುವುದನ್ನೂ ಹೇಳಿ, ಆಮೇಲೆ "ಓದಿ, ಮಜಾ ಇದೆ" ಅನ್ನುತ್ತಾರೆ. ಎಲ್ಲರಿಗಿಂತ ಅಪಾಯದವರು ಕೇಳದೆಯೇ ಪುಸ್ತಕ ತಂದು ಕೈಗಿಟ್ಟು ಹೋಗುವವರು. ಅದು ಸಾಲ. ವಾರಕ್ಕೊಮ್ಮೆ ಬಡ್ಡಿ ವಸೂಲಿಗೆ ಬರುತ್ತಾರೆ: "ಎಲ್ಲಿಗೆ ಬಂತು?" ಅಂಥವರೊಬ್ಬರಿಗೆ ಹೆದರಿ ನಾನು ಕೃಷ್ಣರಾವ್ ಪಾರ್ಕಿನಲ್ಲಿ ಒಂದು ದಿನ ಉಲ್ಟಾ ಸುತ್ತು ಹಾಕಿದೆ. ಉಲ್ಟಾ ಸುತ್ತಿದರೆ ಪ್ರತಿ ಸುತ್ತಿಗೂ ಎದುರಿಗೇ ಸಿಗುತ್ತಾರೆ ಅನ್ನುವುದು ತಲೆಗೆ ಹೊಳೆಯುವಷ್ಟರಲ್ಲಿ ಎರಡು ಸಲ ಸಿಕ್ಕಾಗಿತ್ತು.

ಶಿಫಾರಸು ಮಾಡುವ ಹಕ್ಕು ನಿಜವಾಗಿ ಇದ್ದದ್ದು ಗಳಗನಾಥರಿಗೆ. ಕಾದಂಬರಿ ಬರೆದು, ಪುಸ್ತಕದ ಗಂಟನ್ನು ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದ ಮಹಾನುಭಾವರು; 1942ರಲ್ಲಿ ತೀರಿಕೊಂಡರು. ತಲೆಯ ಮೇಲೆ ಅಷ್ಟು ಭಾರ ಇಟ್ಟುಕೊಂಡು ಬಾಗಿಲಲ್ಲಿ ನಿಂತವರು "ಓದಿ" ಅಂದರೆ ಯಾವ ಬಾಯಲ್ಲಿ ಬೇಡ ಅನ್ನುವುದು? ನನ್ನ ಫೋನಿಗೆ ಬರುವ ಶಿಫಾರಸುಗಳೆಲ್ಲ ಫಾರ್ವರ್ಡ್. ಕಳಿಸಿದವರೂ ಓದಿರುವುದಿಲ್ಲ.

ನನಗೆ ಓದಿನ ಹುಚ್ಚು ಹತ್ತಿಸಿದ ಚಿಕ್ಕಮ್ಮ ಯಾರಿಗೂ ಯಾವತ್ತೂ "ಇದನ್ನ ಓದು" ಅಂದವಳಲ್ಲ. ಹನುಮಂತನಗರದಲ್ಲಿ ಅವಳ ಮನೆ. ಕೂತು ಓದಲು ಅವಳಿಗೆ ಹೊತ್ತೆಲ್ಲಿ? ಒಲೆಯ ಮುಂದೆ ನಿಂತೇ ಓದು. ಎಡಗೈಯಲ್ಲಿ ಪುಸ್ತಕ, ಹೆಬ್ಬೆರಳು ಕಿರುಬೆರಳು ಒಳಗೆ, ಉಳಿದ ಮೂರು ಬೆನ್ನಿಗೆ ಆನಿಸಿ. ಬಲಗೈಯಲ್ಲಿ ಸೌಟು. ಪುಟ ಮುಗಿದರೆ ಸೌಟನ್ನು ಪಾತ್ರೆಯೊಳಗೇ ಬಿಟ್ಟು, ಬೆರಳನ್ನು ಸೆರಗಿಗೆ ಒರೆಸಿ, ತಿರುಗಿಸಿ, ಮತ್ತೆ ಸೌಟು. ತ್ರಿವೇಣಿ, ಎಂ.ಕೆ. ಇಂದಿರಾ, ಅನುಪಮಾ ನಿರಂಜನ ಎಲ್ಲರನ್ನೂ ಹೀಗೆ ಒಗ್ಗರಣೆ ಹೊಗೆಯಲ್ಲೇ ಓದಿ ಮುಗಿಸಿದಳು. "ಹೇಗಿದೆ ಚಿಕ್ಕಮ್ಮ?" ಅಂದರೆ ಚೆನ್ನಾಗಿದೆ, ಚೆನ್ನಾಗಿಲ್ಲ ಅನ್ನುವ ಮಾತೇ ಇಲ್ಲ.

"ಎರಡು ಸಲ ಹಾಲು ಉಕ್ತು ಕಣೇ."

ಅಷ್ಟೇ. ಒಂದು ಸಲ ಉಕ್ಕಿದ್ದು ಪರವಾಗಿಲ್ಲ ಅನ್ನುವ ಪುಸ್ತಕ, ಎರಡು ಸಲ ಅಂದರೆ ತಪ್ಪಿಸಿಕೊಳ್ಳಬಾರದ್ದು. ಒಮ್ಮೆ ಮಾತ್ರ "ಹುಳಿ ತಳ ಹಿಡೀತು" ಅಂದಳು. ಆ ಪುಸ್ತಕವನ್ನು ಚೀಲದಲ್ಲಿ ಬಚ್ಚಿಟ್ಟುಕೊಂಡು ನಮ್ಮ ಮನೆಗೆ ತಂದುಬಿಟ್ಟೆ. ಚಿಕ್ಕಪ್ಪನದು ಬೇರೆಯೇ ಲೆಕ್ಕ. "ಕಾದಂಬರಿಗೆ ದಿನಕ್ಕೆ 10 ಪೈಸೆ ಬಾಡಿಗೆ ಅಂತ ಬರೀಬೇಡ್ವೇ. ಹಾಲಿನ ದುಡ್ಡೂ ಸೇರಿಸು."

ಆ ಬಾಡಿಗೆ ಪುಸ್ತಕಗಳು ಬರುತ್ತಿದ್ದದ್ದು ರಸ್ತೆ ಕೊನೆಯ ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ. ಗೋಣಿದಾರದಲ್ಲಿ ಹೊಲಿದ ದಪ್ಪ ರಟ್ಟು, ಬೆನ್ನಿಗೆ ನಂಬರು. ವಾರಪತ್ರಿಕೆಯ ಧಾರಾವಾಹಿಗಳನ್ನು ಕತ್ತರಿಸಿ ಬೈಂಡ್ ಮಾಡಿಸಿದವೂ ಇರುತ್ತಿದ್ದವು. ಒಂದೆರಡು ಕಂತು ಕಾಣೆಯಾಗಿ, ಮದುವೆಯೇ ಇಲ್ಲದೆ ಮಗು ಹುಟ್ಟಿಬಿಡುತ್ತಿತ್ತು. ಹಾಳೆ ತಿರುವಿದರೆ ಅರಿಶಿನದ ಹೆಬ್ಬೆಟ್ಟು, ಕಾಫಿ ಲೋಟದ ಅರ್ಧ ಬಳೆ, ಎಣ್ಣೆ ಬಿದ್ದು ಆಚೆ ಪುಟ ಕಾಣುವ ಜಾಗ. ಎಲ್ಲವೂ ಚಿಕ್ಕಮ್ಮನದಲ್ಲ, ಹನುಮಂತನಗರದ ಯಾವ್ಯಾವುದೋ ಅಡುಗೆಮನೆಯದು. ಕತೆ ಎಳೆದಾಡುವಲ್ಲಿ ಹಾಳೆ ಶುಭ್ರ. ಬಿಗಿಯಾಗುತ್ತ ಹೋದ ಹಾಗೆ ಕಲೆ ದಟ್ಟವಾಗುತ್ತಿತ್ತು. ನಾನು ತರುವ ಮುಂಚೆ ಮುನ್ನುಡಿ ನೋಡುತ್ತಿರಲಿಲ್ಲ, ಬೆಳಕಿಗೆ ಹಿಡಿದು ಕಲೆ ನೋಡುತ್ತಿದ್ದೆ. ಕೊನೆಯ ಖಾಲಿ ಹಾಳೆಯಲ್ಲಿ ಓದಿದವರ ತೀರ್ಪು ಇರುತ್ತಿತ್ತು. "ಸೂಪರ್." ಅದರ ಕೆಳಗೆ ಪೆನ್ಸಿಲಿನಲ್ಲಿ, "ಅಳು ಜಾಸ್ತಿ." ಅದರ ಕೆಳಗೆ ಹಸಿರು ಇಂಕಿನಲ್ಲಿ, ದುಂಡಗೆ: "ಇದಕ್ಕೂ ಅಳದವರು ಮನುಷ್ಯರಲ್ಲ." ಹಸಿರು ಇಂಕಿನವರು ಯಾರೋ, ಕೊನೆಗೂ ತಿಳಿಯಲಿಲ್ಲ. ಅವರು ಬೈದಿರುವ ಪುಸ್ತಕವನ್ನು ನಾನು ತಂದದ್ದಿಲ್ಲ.

ಆ ಜಾಗದಲ್ಲಿ ಈಗ ಮೊಬೈಲಿಗೆ ಗಾಜು ಅಂಟಿಸಿ ಕೊಡುತ್ತಾರೆ. ಸರ್ಕಾರಿ ಗ್ರಂಥಾಲಯಗಳೇನೋ ಇವೆ. 1965ರ ಕಾಯ್ದೆಯ ಪ್ರಕಾರ ಮನೆ ಕಂದಾಯದ ಮೇಲೆ ನೂರಕ್ಕೆ 6 ರೂಪಾಯಿ ಗ್ರಂಥಾಲಯ ಕರ ಸೇರಿಸಿ ಕಟ್ಟುತ್ತೇವೆ, ಅಕ್ಷರ ಕಂಡರಾಗದ ನಮ್ಮ ಮನೆ ಓನರ್ ಕೂಡ ಕಟ್ಟುತ್ತಾರೆ. ಪುಸ್ತಕಕ್ಕೆ ದುಡ್ಡು ಬಿಚ್ಚುವುದಿಲ್ಲ ಅಂತ ಅವರನ್ನು ಇನ್ನು ಯಾರೂ ಆಡಿಕೊಳ್ಳಬಾರದು. ಶನಿವಾರ ಬೆಳಿಗ್ಗೆ ಕಬ್ಬನ್ ಪಾರ್ಕಿನಲ್ಲಿ ಚಾಪೆ ಹಾಸಿಕೊಂಡು ಮಾತಿಲ್ಲದೆ ಓದುವವರ ಗುಂಪಿಗೂ ಒಮ್ಮೆ ಹೋಗಿ ಬಂದೆ. ಅಲ್ಲಿ ಯಾರೂ ಏನು ಓದುತ್ತೀರಿ ಅಂತ ಕೇಳುವುದಿಲ್ಲ, ಪುಣ್ಯ. ಮರದ ಕೆಳಗೆ ಕೆಲವರು ಎದೆಯ ಮೇಲೆ ಪುಸ್ತಕ ಮಗುಚಿಕೊಂಡು ಗಾಢ ನಿದ್ದೆಯಲ್ಲಿದ್ದರು. ಆ ಪುಸ್ತಕಗಳ ಹೆಸರುಗಳನ್ನೆಲ್ಲ ಬರೆದುಕೊಂಡೆ, ಕೊಳ್ಳಬಾರದ ಪಟ್ಟಿಯಲ್ಲಿ.

ಈಚೆಗೆ ಸ್ಟೀಲ್ ಪಾತ್ರೆಯ ಹಾಲು ಉಕ್ಕುವ ಮುಂಚೆ ಇಂಡಕ್ಷನ್ ಒಲೆ ತಾನೇ ಆರಿಹೋಗುತ್ತದೆ, ಟೈಮರ್ ಇಟ್ಟಿರುತ್ತಾರೆ. ಪುಸ್ತಕದ ಯೋಗ್ಯತೆ ತಿಳಿಯುವುದಾದರೂ ಹೇಗೆ ಅಂದುಕೊಳ್ಳುತ್ತಿದ್ದೆ.

ಹೋದ ತಿಂಗಳು ನ್ಯಾಷನಲ್ ಕಾಲೇಜ್ ಸ್ಟೇಷನ್ನಿನಲ್ಲಿ ಮೆಟ್ರೋ ಹತ್ತಿದೆ. ಪಕ್ಕದ ಸೀಟಿನ ಹುಡುಗಿಯ ಕೈಯಲ್ಲಿ ಕನ್ನಡ ಪುಸ್ತಕ, ನ್ಯೂಸ್‌ಪೇಪರಿನ ರಟ್ಟು ಹಾಕಿದ್ದಳು. ಹೆಸರು ಕಾಣದು. ಬಗ್ಗಿ, ಚಪ್ಪಲಿ ಸರಿಮಾಡಿಕೊಳ್ಳುವವಳ ಹಾಗೆ ನಟಿಸಿ ನೋಡಿದರೂ ಕಾಣದು. ಲಾಲ್‌ಬಾಗ್ ಹೋಯಿತು, ಸೌತ್ ಎಂಡ್ ಹೋಯಿತು. ಜಯನಗರದಲ್ಲಿ ಬಾಗಿಲು ಮುಚ್ಚಿದ ಮೇಲೆ ತಲೆಯೆತ್ತಿ, "ಅಯ್ಯೋ ಆಂಟಿ, ಜಯನಗರ ಹೋಗ್ಬಿಡ್ತಾ?" ಅಂದಳು.

ನನಗೆ ಹಾಲು ಉಕ್ಕಿದ ವಾಸನೆ ಬಂದ ಹಾಗಾಯಿತು.

ಆರ್.ವಿ. ರೋಡಿನಲ್ಲಿ ಇಬ್ಬರೂ ಇಳಿದೆವು. "ಯಾವ ಪುಸ್ತಕನಮ್ಮ ಅದು?" ಅಂತ ಕೇಳಿಯೇಬಿಟ್ಟೆ. ಹೆಸರು ಹೇಳಿದಳು. "ಹೇಗಿದೆ?"

"ಏನೋ, ಸುಮಾರಾಗಿದೆ ಆಂಟಿ. ಟೈಮ್‌ಪಾಸ್."

ಅಂದವಳೇ ವಾಪಸು ಹೋಗಲು ಆಚೆ ಪ್ಲಾಟ್‌ಫಾರ್ಮಿಗೆ ನಡೆದಳು. ನಾನು ಹೆಸರನ್ನು ಫೋನಿನಲ್ಲಿ ಬರೆದುಕೊಳ್ಳುತ್ತ ಈಚೆಯೇ ನಿಂತಿದ್ದೆ. ಅವಳು ಕಂಬಕ್ಕೆ ಒರಗಿ ಪುಸ್ತಕ ಬಿಚ್ಚಿದ್ದು ಕಾಣುತ್ತಿತ್ತು. ಆ ಕಡೆಯ ರೈಲು ಬಂತು, ಸ್ವಲ್ಪ ಹೊತ್ತು ನಿಂತು ಹೊರಟೂ ಹೋಯಿತು. ಹುಡುಗಿ ಕಂಬದ ಹತ್ತಿರವೇ ಇದ್ದಳು, ಪುಟ ತಿರುಗಿಸುತ್ತಿದ್ದಳು.