ಫಾರಿನ್ ಸೇವೆಗೆ ಹೊರಟವರು ಮೊದಲು ಸೊಪ್ಪಿನಬೆಟ್ಟ ಹತ್ತಿ

ಲಕ್ಷಗಟ್ಟಲೆ ಕಟ್ಟಿಸಿಕೊಂಡು ನೇಪಾಳಕ್ಕೋ ಕಾಂಬೋಡಿಯಾಕ್ಕೋ ಕರೆದೊಯ್ದು, ಎರಡು ವಾರ ಅನಾಥಾಶ್ರಮದ ಮಕ್ಕಳಿಗೆ ಇಂಗ್ಲಿಷ್ ಕಲಿಸಲು ಬಿಡುವ ಪ್ಯಾಕೇಜುಗಳಿವೆಯಲ್ಲ, ಅವುಗಳ ಬಗ್ಗೆ ಹುಡುಗರು ಕೇಳ್ತಾ ಇರ್ತಾರೆ. ಶಿವಮೊಗ್ಗದಲ್ಲಿ ಪಾಠ ಮಾಡುತ್ತಾ ಜೊತೆಗೆ ಕಾಲೇಜಿನ ರಾಷ್ಟ್ರೀಯ ಸೇವಾ ಯೋಜನೆ, ಅಂದರೆ ಎನ್ನೆಸ್ಸೆಸ್ಸನ್ನೂ ನೋಡಿಕೊಳ್ಳುವ ನನ್ನ ಉತ್ತರ ಒಂದೇ: ಹೋಗಬೇಡಿ. ಅಪ್ಪ-ಅಮ್ಮ ಬದುಕಿರುವ ಮಕ್ಕಳನ್ನೇ ಅನಾಥರೆಂದು ತೋರಿಸಿ ವಿದೇಶಿಯರಿಂದ ದುಡ್ಡೆತ್ತುವ ದಂಧೆ ಆ ಎರಡೂ ದೇಶಗಳಲ್ಲಿ ನಡೆದಿದೆ. ಅದಿಲ್ಲದಿದ್ದರೂ ಯೋಚಿಸಿ. ನಿಮ್ಮೂರಿನ ಅಂಗನವಾಡಿಗೆ ಎರಡು ವಾರಕ್ಕೊಬ್ಬ ಅಪರಿಚಿತ ಬಂದು, ಹಾಡು ಹೇಳಿಸಿ, ಮಕ್ಕಳನ್ನು ಎತ್ತಿಕೊಂಡು ಸೆಲ್ಫಿ ತೆಗೆದು ಹೋದರೆ ನಿಮ್ಮಮ್ಮ ಸುಮ್ಮನಿರ್ತಾರಾ?

ಹಾಗಂತ ದೇಶ ದಾಟಿ ದುಡಿಯುವುದೇ ತಪ್ಪು ಅಂತಲ್ಲ. ಮೊದಲ ಮಹಾಯುದ್ಧ ಮುಗಿದ ಮೇಲೆ, 1920ರಲ್ಲಿ, ಸ್ವಿಟ್ಜರ್ಲೆಂಡಿನ ಪಿಯರ್ ಸೆರೆಸೋಲ್ ಅನ್ನುವವರು ನಾಲ್ಕಾರು ದೇಶದವರನ್ನು ಕಟ್ಟಿಕೊಂಡು ಫ್ರಾನ್ಸಿನ ವರ್ಡನ್ ಹತ್ತಿರದ ಹಾಳುಬಿದ್ದ ಹಳ್ಳಿಯಲ್ಲಿ ಕೆಲಸಕ್ಕಿಳಿದರು. ಗುಂಪಿನಲ್ಲಿ ಜರ್ಮನ್ನರೂ ಇದ್ದರು. ಸರ್ವಿಸ್ ಸಿವಿಲ್ ಇಂಟರ್‌ನ್ಯಾಷನಲ್ ಅನ್ನುವ ಸ್ವಯಂಸೇವಕರ ಸಂಸ್ಥೆ ಹುಟ್ಟಿದ್ದು ಹಾಗೆ. 1934ರ ಬಿಹಾರ ಭೂಕಂಪದ ನಂತರ ಅದೇ ಸೆರೆಸೋಲ್ ನಮ್ಮ ದೇಶಕ್ಕೂ ಬಂದು ಊರು ಕಟ್ಟುವ ಕೆಲಸದಲ್ಲಿ ನಿಂತರು. ಎಂಜಿನಿಯರಿಂಗ್ ಓದಿದ್ದ ಮನುಷ್ಯ, ಕೈಗೆ ಕಸುಬು ಗೊತ್ತಿತ್ತು. ನಾನು ಹುಡುಗರನ್ನು ಕೇಳುವುದೂ ಅಷ್ಟೇ: ಅಲ್ಲಿಗೆ ಹೋಗಿ ಮಾಡೋಕೆ ನಿನಗೆ ಏನು ಬರುತ್ತೆ? ಲೆಕ್ಕ ಬರೆಯೋಕೆ ಬರುತ್ತಾ? ನೀರಿನ ಪರೀಕ್ಷೆ? ನರ್ಸಿಂಗ್? ನಕ್ಷೆ ಮಾಡೋದು? "ಎಲ್ಲದಕ್ಕೂ ರೆಡಿ ಸರ್" ಅನ್ನುವವನಿಗೆ ಸಾಮಾನ್ಯವಾಗಿ ಯಾವುದೂ ಬರುವುದಿಲ್ಲ.

ಅದನ್ನು ಕಲಿಯುವ ಜಾಗ ನಮ್ಮ ಜಿಲ್ಲೆಯಲ್ಲೇ ಇದೆ. ಎನ್ನೆಸ್ಸೆಸ್ಸಿನಲ್ಲಿ ವರ್ಷಕ್ಕೆ 120 ಗಂಟೆಯಂತೆ ಎರಡು ವರ್ಷಕ್ಕೆ 240 ಗಂಟೆ, ಜೊತೆಗೆ ಏಳು ದಿನದ ಶಿಬಿರ. ಅಷ್ಟೂ ಹೊತ್ತನ್ನು ಚರಂಡಿ ಕ್ಲೀನಿಂಗ್ ಫೋಟೊಗೆ ಕಳೆಯುವ ಬದಲು ಒಂದು ಸೀಸನ್ ಆಶಾ ಕಾರ್ಯಕರ್ತೆಯ ಹಿಂದೆ ಓಡಾಡಿ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಇವತ್ತಿಗೂ ಡಿಸೆಂಬರ್‌ನಿಂದ ಮೇವರೆಗೆ ಮಲೆನಾಡನ್ನು ಕಾಡುತ್ತದೆ. ಅದನ್ನು ಹರಡುವುದು ಉಣುಗು, ಮೈಗಂಟಿ ರಕ್ತ ಹೀರುವ ಹುಳ. ಸತ್ತ ಮಂಗ ಎಲ್ಲಿ ಬಿದ್ದಿದೆ ಅಂತ ತಿಳಿಸಬೇಕು, ಜ್ವರ ಬಂದವರ ಪಟ್ಟಿ ಮಾಡಬೇಕು, ದರಗು ಅಂದರೆ ಒಣಗಿದೆಲೆ ಗುಡಿಸೋಕೆ, ಸೊಪ್ಪು ತರೋಕೆ ಬೆಟ್ಟಕ್ಕೆ ಹೋಗುವವರು ಉಣುಗು ಹತ್ತದಂತೆ ಮೈಗೆ ಡೆಪಾ ಎಣ್ಣೆ ಹಚ್ಚಿಕೊಳ್ಳುವಂತೆ ಮಾಡಬೇಕು. "ಐವತ್ತು ವರ್ಷದಿಂದ ಬೆಟ್ಟಕ್ಕೆ ಹೋಗ್ತಿದೀನಿ, ನಂಗೇನಾಗ್ತದೆ ಮಾರಾಯ" ಅನ್ನುವ ಅಜ್ಜನ ಜಗಲಿಯಲ್ಲಿ ಕೂತು, ಅವರ ಚಾ ಕುಡಿದು, ಜಗಳ ಆಡದೆ ಆ ಎಣ್ಣೆ ಹಚ್ಚಿಸಿ ನೋಡಿ. ಆಮೇಲೆ ಅವತ್ತಿನ ಕೆಲಸದ ಬಗ್ಗೆ ಒಂದು ಪುಟ ವರದಿ ಬರೆಯಿರಿ, ಮೊದಲು ಕನ್ನಡದಲ್ಲಿ, ಮಾರನೇ ದಿನ ಇಂಗ್ಲಿಷಿನಲ್ಲಿ. ಯಾವ ದೇಶದ ಆರೋಗ್ಯ ಯೋಜನೆಗೆ ಹೋದರೂ ಕೆಲಸದ ಮುಕ್ಕಾಲು ಪಾಲು ಇದೇ.

ಇಂಗ್ಲಿಷ್ ಅಂದಾಗ ನೆನಪಾಯಿತು. 2023ರ ಏಪ್ರಿಲ್‌ನಲ್ಲಿ ಸೂಡಾನಿನಲ್ಲಿ ಕಾಳಗ ಶುರುವಾದಾಗ ಅಲ್ಲಿ ಸಿಕ್ಕಿಕೊಂಡವರಲ್ಲಿ ಶಿವಮೊಗ್ಗ, ದಾವಣಗೆರೆ, ಹುಣಸೂರು ಕಡೆಯ ಹಕ್ಕಿಪಿಕ್ಕಿ ಬುಡಕಟ್ಟಿನವರಿದ್ದರು. ಗಿಡಮೂಲಿಕೆ ಮಾರಲು ಹೋದವರು. ಮನೆಯಲ್ಲಿ ತಮ್ಮದೇ ವಾಗ್ರಿ ಭಾಷೆ, ಊರಲ್ಲಿ ಕನ್ನಡ, ಸಂತೆಯಲ್ಲಿ ಸಿಕ್ಕಿದ ಭಾಷೆ. ನಮ್ಮ ಡಿಗ್ರಿ ಹುಡುಗರು ಮಾತ್ರ "ಕಮ್ಯುನಿಕೇಷನ್ ವೀಕ್ ಸರ್" ಅಂತ ಬೆಂಗಳೂರಿನ ಕೋಚಿಂಗ್‌ಗೆ ಫೀಸು ಕಟ್ಟುತ್ತಾರೆ!

ಅರ್ಜಿ ಎಲ್ಲಿ ಹಾಕೋದು ಅಂತ ಕೇಳುವವರಿಗೆ: ಜರ್ಮನಿಯ ಬಾನ್‌ನಲ್ಲಿ ಕಚೇರಿ ಇರುವ ವಿಶ್ವಸಂಸ್ಥೆಯ ಸ್ವಯಂಸೇವಕರ ಕಾರ್ಯಕ್ರಮದಲ್ಲಿ 18ರಿಂದ 26 ವಯಸ್ಸಿನವರಿಗೆ ಬೇರೆಯೇ ವಿಭಾಗವಿದೆ. ಅವರು ಅರ್ಜಿಗೆ ಒಂದು ಪೈಸೆ ಕೇಳಲ್ಲ, ಆಯ್ಕೆಯಾದರೆ ಜೀವನ ಭತ್ಯೆ ಅವರೇ ಕೊಡುತ್ತಾರೆ. ವಿಶ್ವಸಂಸ್ಥೆಯ ಹೆಸರು ಹೇಳಿ ಯಾರಾದರೂ ನೋಂದಣಿ ಶುಲ್ಕ ಕೇಳಿದರೆ ಅದು ಮೋಸ. ಮನೆಯಲ್ಲಿ ಕೂತೇ ಆನ್‌ಲೈನ್‌ನಲ್ಲಿ ಮಾಡುವ ಕೆಲಸವೂ ಅವರಲ್ಲಿದೆ. ಸಾಗರದ, ಹೊಸನಗರದ ಹುಡುಗಿಯರಿಗೆ ನಾನು ಮೊದಲು ಹೇಳುವುದು ಅದನ್ನೇ, ಅಪ್ಪನನ್ನು ಒಪ್ಪಿಸುವ ಕೆಲಸ ಆಮೇಲಿಟ್ಟುಕೊಳ್ಳಬಹುದು. ಸರ್ವಿಸ್ ಸಿವಿಲ್‌ನಂಥವರ ಎರಡು-ಮೂರು ವಾರದ ಶಿಬಿರಗಳಿಗೆ ಪ್ರಯಾಣದ ಖರ್ಚು ನಿಮ್ಮದೇ, ಅದರಲ್ಲಿ ಮುಚ್ಚುಮರೆ ಇಲ್ಲ. ಅಮೆರಿಕ ಸರ್ಕಾರದ ಸ್ವಯಂಸೇವಕರ ಯೋಜನೆ ಪೀಸ್ ಕೋರ್‌ನ ಕನಸು ಬಿಡಿ, ಅದು ಅಮೆರಿಕದ ಪ್ರಜೆಗಳಿಗೆ ಮಾತ್ರ.

ಇನ್ನು ಕಾಗದಪತ್ರ. ಟೂರಿಸ್ಟ್ ವೀಸಾದಲ್ಲಿ ಹೋಗಿ ಸಂಬಳವಿಲ್ಲದ ಕೆಲಸ ಮಾಡುವುದೂ ಎಷ್ಟೋ ದೇಶಗಳಲ್ಲಿ ಕಾನೂನುಬಾಹಿರ, ಹಾಗಾಗಿ ಯಾವ ವೀಸಾ ಅಂತ ಕರೆಸಿಕೊಳ್ಳುವವರಿಂದ ಬರೆಸಿಕೊಳ್ಳಿ. ಆಫ್ರಿಕಾದ ಹಲವು ದೇಶಗಳಿಗೆ ಹಳದಿ ಜ್ವರದ ಲಸಿಕೆ ಬೇಕು, ಹೊರಡುವುದಕ್ಕೆ ಕನಿಷ್ಠ ಹತ್ತು ದಿನ ಮೊದಲು. ಒಮ್ಮೆ ಹಾಕಿಸಿದರೆ ಸರ್ಟಿಫಿಕೇಟು ಜೀವನಪೂರ್ತಿ ನಡೆಯುತ್ತದೆ. ಪಾಸ್‌ಪೋರ್ಟನ್ನು ಡಿಗ್ರಿಯ ಎರಡನೇ ವರ್ಷದಲ್ಲೇ ಮಾಡಿಸಿ. 36 ಪುಟದ್ದಕ್ಕೆ 1,500 ರೂಪಾಯಿ. ಆದರೆ ಅದಕ್ಕೂ ಮೊದಲು ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿರುವ ಇನಿಷಿಯಲ್ಲು ಆಧಾರ್‌ನಲ್ಲಿ ಬಿಡಿಸಿ ಬರೆದ ಹೆಸರಿಗೆ ಹೊಂದುತ್ತದಾ ನೋಡಿಕೊಳ್ಳಿ. ನಮ್ಮ ಕಡೆ ಅರ್ಧ ಅರ್ಜಿಗಳು ತಡವಾಗುವುದು ಅಲ್ಲೇ.